ಹದ್ದಣ್ಣನ ಬಲಗಣ್ಣು

ಹದ್ದಣ್ಣ ಮೀನುಗಾರರ ಮನೆಯಲ್ಲಿ ಹುಟ್ಟಿದವನು, ಐವತ್ತೆಂಟು ವರ್ಷ ಮೀನನ್ನೇ ನಂಬಿ ಬದುಕಿದವನು, ಆದರೆ ಒಂದೇ ಒಂದು ಮೀನನ್ನೂ ಕೈಯಾರೆ ಹಿಡಿದವನಲ್ಲ. ದೋಣಿ ಹತ್ತಿದರೆ ಅವನಿಗೆ ವಾಂತಿ. ಈಜು ಅಷ್ಟಕ್ಕಷ್ಟೆ. ಹುಟ್ಟು ಕೈಗೆ ಕೊಟ್ಟರೆ ದೋಣಿ ನಿಂತಲ್ಲೇ ಬುಗುರಿಯಾಡುತ್ತಿತ್ತು ಎಂದು ಅವನ ಓರಗೆಯವರು ಇಂದಿಗೂ ನಗುತ್ತಾರೆ. ಅಂಥವನನ್ನು ಹದಿನೆಂಟು ಮನೆಯವರು ಮೂವತ್ತೊಂದು ವರ್ಷ ಪಾಲು ಕೊಟ್ಟು ಇಟ್ಟುಕೊಂಡಿದ್ದರೆ ಅದು ಅವನ ಕಣ್ಣಿನ ಸಲುವಾಗಿ. ಹದ್ದು ಎಂಬ ಹೆಸರು ಬಂದದ್ದೂ ಅದರಿಂದಲೇ. ಅದಕ್ಕೆ ಅಣ್ಣ ಎಂಬ ಮರ್ಯಾದೆ ಸೇರಿಕೊಂಡದ್ದು ತಲೆ ನೆರೆತ ಮೇಲೆ.

ಕೆಲಸ ಹೇಳುವುದಕ್ಕೆ ಸುಲಭ. ಕೊಲ್ಲಿಯ ಒಂದು ತುದಿಯಲ್ಲಿ ನೀರಿಗೆ ಮೂತಿ ಚಾಚಿಕೊಂಡಿರುವ ಕಲ್ಲುಗುಡ್ಡವಿದೆ. ಬೆಳಕು ಹರಿಯುವ ಹೊತ್ತಿಗೆ ಅದರ ನೆತ್ತಿ ಹತ್ತಿ ಕೂರಬೇಕು. ಕೆಳಗೆ ಮರಳಿನ ಮೇಲೆ ದೋಣಿ, ದೋಣಿಯೊಳಗೆ ಮಡಚಿಟ್ಟ ದೊಡ್ಡ ಬಲೆ, ಸುತ್ತ ಹರಟುತ್ತ ಕಾಯುವ ಜನ. ಮೀನಿನ ಹಿಂಡು ಕೊಲ್ಲಿಯೊಳಕ್ಕೆ ಬಂದದ್ದು ಕಂಡರೆ ಮೇಲಿನವನು ಬಿಳಿ ಬಟ್ಟೆ ಬೀಸುತ್ತಾನೆ. ಬಲಕ್ಕೆ ಬೀಸಿದರೆ ದೋಣಿ ಬಲಕ್ಕೆ, ಎಡಕ್ಕೆ ಬೀಸಿದರೆ ಎಡಕ್ಕೆ; ತಲೆಯ ಸುತ್ತ ತಿರುಗಿಸಿದರೆ ಬಲೆ ಬಿಡುತ್ತ ಹಿಂಡನ್ನು ಸುತ್ತುವರಿಯಬೇಕು; ಬಟ್ಟೆ ಕೆಳಗಿಟ್ಟನೆಂದರೆ ದಡದವರು ಎರಡೂ ತುದಿಯ ಹಗ್ಗ ಹಿಡಿದು ಎಳೆಯಬೇಕು. ದೋಣಿಯಲ್ಲಿರುವವರಿಗೆ ಹಿಂಡು ಕಾಣುವುದಿಲ್ಲ. ನೀರಿನ ಮಟ್ಟದಲ್ಲಿ ನಿಂತವನಿಗೆ ನೀರು ಬರೀ ನೀರು. ಎತ್ತರದಿಂದ, ಅದೂ ಪಳಗಿದ ಕಣ್ಣಿಗೆ ಮಾತ್ರ, ನೀಲಿಯ ಒಳಗೆ ತೆಳ್ಳಗೆ ಕೆಂದುಬಣ್ಣ ತಿರುಗಿದ ಒಂದು ಮಚ್ಚೆ, ಅದರ ಅಂಚಿನಲ್ಲಿ ನಡುಕ, ಅಷ್ಟೇ ಕಾಣುವುದು. ಹದ್ದಣ್ಣ ಅದನ್ನು ತನ್ನ ಸೋದರಮಾವನ ಪಕ್ಕ ಆರು ವರ್ಷ ಕೂತು ಕಲಿತಿದ್ದ. ಕಾವಲು ಕೂತಿರುವಾಗ ಕಲಿಯುವವನೊಬ್ಬನ ಹೊರತು ಬೇರೆ ಯಾರೂ ಗುಡ್ಡ ಹತ್ತುವಂತಿಲ್ಲ. ಇಬ್ಬರು ನೋಡಿದರೆ ಎರಡು ಮಾತಾಗುತ್ತದೆ, ದೋಣಿ ಯಾರ ಮಾತು ಕೇಳಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಬಲೆಯ ಸಂಗತಿಯನ್ನೂ ಈಗಲೇ ಹೇಳಿಬಿಡಬೇಕು. ಅದು ಒಬ್ಬರ ಬಲೆಯಲ್ಲ. ಹದಿನೆಂಟು ತುಂಡುಗಳನ್ನು ಸೇರಿಸಿ ಹೊಲಿದದ್ದು; ಒಂದೊಂದು ತುಂಡು ಒಂದೊಂದು ಮನೆಯದು. ತಂತಮ್ಮ ತುಂಡನ್ನು ತಾವೇ ಹೆಣೆಯಬೇಕು, ತಾವೇ ದುರಸ್ತಿ ಮಾಡಬೇಕು, ಎಳೆಯುವ ದಿನ ತುಂಡಿಗೆ ಇಬ್ಬರಂತೆ ಬಂದು ಹಗ್ಗ ಹಿಡಿಯಬೇಕು. ನಡುವಿನ ತುಂಡು ಹೋದರೆ ಬಲೆಗೆ ಬಾಯಿ ಬಿತ್ತು, ತುದಿಯದು ಹೋದರೆ ಬಲೆ ಗಿಡ್ಡವಾಯಿತು, ಎರಡು ಜೊತೆ ಕೈ ಕಡಿಮೆಯಾದರೆ ತುಂಬಿದ ಬಲೆ ಮರಳು ಮುಟ್ಟುವುದೇ ಇಲ್ಲ. ಹಾಗಾಗಿ ಅಪ್ಪಂದಿರ ಕಾಲದಿಂದ ಒಂದು ಕಟ್ಟುಪಾಡು: ತನ್ನ ತುಂಡನ್ನು ಯಾರೂ ತಾನೊಬ್ಬನೇ ಬಿಚ್ಚಿಕೊಂಡು ಹೋಗುವಂತಿಲ್ಲ. ಬಿಚ್ಚಿದರೆ ಹದಿನೆಂಟೂ ಒಂದೇ ದಿನ ಬಿಚ್ಚಬೇಕು. ಅದೂ ಯಾವಾಗ? ಗುಡ್ಡದ ಮೇಲಿನವನು ಕೆಳಗಿಳಿದು ಬಂದು, ಇನ್ನು ಕೊಲ್ಲಿಗೆ ಮೀನು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಾಗ. ಹದ್ದಣ್ಣನಿಗೆ ತುಂಡಿಲ್ಲ. ಆ ಒಂದು ಮಾತು ಮಾತ್ರ ಅವನ ಕೈಯಲ್ಲಿದೆ.

ಮೂರು ವರ್ಷದಿಂದ ಹಿಂಡು ಬಂದಿಲ್ಲ.

ಮೂರು ವರ್ಷ ಎಂದರೆ ಸುಮ್ಮನೆ ಅಲ್ಲ. ಗಂಡಸರು ಬೆಳಗಿನ ಹೊತ್ತು ಮರಳಿನ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತು, ಮಧ್ಯಾಹ್ನದ ಮೇಲೆ ಸಿಕ್ಕಿದ ಕೂಲಿಗೆ ಹೋದರು. ಹೆಂಗಸರು ದೊಡ್ಡ ಬಂದರಿನಿಂದ ಮೀನು ಕೊಂಡು ತಂದು, ಕಡಲ ಮಗ್ಗುಲಲ್ಲೇ ಕೂತು ಕಡಲಿನವರಿಗೇ ಮಾರಿದರು. ಹೊರಗಡಲಿನಲ್ಲಿ ಟ್ರಾಲರ್‌ಗಳು ಓಡಾಡುತ್ತವೆ, ಅವಕ್ಕೆ ನೀರೊಳಗೆ ನೋಡುವ ಯಂತ್ರ ಇದೆಯಂತೆ, ಮರಿ ಹಿರಿ ಎನ್ನದೆ ಎಲ್ಲ ಬಾಚಿ ಕೋಳಿ ಮೇವಿನ ಕಾರ್ಖಾನೆಗೆ ಹಾಕುತ್ತಾರಂತೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಆದರೆ ದಡದಿಂದ ನೋಡಿದರೆ ಎಲ್ಲೋ ಒಂದೆರಡು ಕಾಣುತ್ತಿದ್ದವು. ಒಂದೆರಡು ದೋಣಿ ಒಂದು ಸಮುದ್ರ ಮುಗಿಸುವುದುಂಟೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಹದ್ದಣ್ಣನಿಗೆ ಆ ಸಮಾಧಾನವೂ ಇರಲಿಲ್ಲ. ಹಿಂಡು ಬರುವುದು ನಿಂತದ್ದೂ ಅವನ ಕಣ್ಣು ಮಂಜಾಗತೊಡಗಿದ್ದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಮೊದಲು ಬಿಸಿಲು ಕಣ್ಣಿಗೆ ಚುಚ್ಚತೊಡಗಿತು. ಆಮೇಲೆ ಬಣ್ಣಗಳು ಒಂದೊಂದಾಗಿ ಕೊಳೆಯಾದವು. ಎಲ್ಲಕ್ಕಿಂತ ಮುಂಚೆ ಹೋದದ್ದು ನೀಲಿ. ನೀಲಿ ಕಂಡರೆ ತಾನೆ ಅದರೊಳಗಿನ ಕೆಂದು ಕಾಣುವುದು? ಅವನ ಪಾಲಿಗೆ ಇಡೀ ಕೊಲ್ಲಿ ಕಲಗಚ್ಚಿನ ಬಣ್ಣಕ್ಕೆ ತಿರುಗಿಬಿಟ್ಟಿತು. ಗುಡ್ಡದ ದಾರಿ ಕಾಲಿಗೆ ಪಾಠವಾಗಿದ್ದರಿಂದ ಹತ್ತಿ ಇಳಿಯುವುದು ಯಾರಿಗೂ ಅನುಮಾನ ಬಾರದಂತೆ ನಡೆಯುತ್ತಿತ್ತು. ಮೊದಲ ವರ್ಷ ಹಕ್ಕಿಗಳ ಗದ್ದಲ ಕೇಳಿ ಅಂದಾಜಿನ ಮೇಲೆ ಎರಡು ಸಲ ಬಟ್ಟೆ ಬೀಸಿದ. ಎರಡು ಸಲವೂ ಬಲೆ ಖಾಲಿ. ಹಿಂಡು ಅಡಿಗೆ ಹೋಯಿತು ಎಂದು ತಿಪ್ಪೆ ಸಾರಿಸಿದ, ಅವರು ನಂಬಿದರು. ಆಮೇಲೆ ಬೀಸುವುದನ್ನೇ ಬಿಟ್ಟ.

ಆವತ್ತೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಕೇಳುವುದು ಸುಲಭ. ಒಂದು ತಿಂಗಳಾಗಿದ್ದರೆ ಹೇಳುತ್ತಿದ್ದನೋ ಏನೋ. ಮೂರು ತಿಂಗಳಾಯಿತು, ಒಂದು ವರ್ಷವಾಯಿತು. ಒಂದು ಮನೆಯವರು ದನ ಮಾರಿದರು, ಇನ್ನೊಂದು ಮನೆಯಲ್ಲಿ ಓದುತ್ತಿದ್ದ ಹುಡುಗಿ ಶಾಲೆ ಬಿಟ್ಟಳು. ಇದೆಲ್ಲ ಆದ ಮೇಲೆ, ಮೀನು ಬಂದಿತ್ತೋ ಏನೋ, ನನಗೆ ಕಾಣಲಿಲ್ಲ ಎಂದು ಯಾವ ಮುಖ ಹೊತ್ತುಕೊಂಡು ಹೇಳುವುದು? ಬಚ್ಚಿಟ್ಟ ಒಂದೊಂದು ದಿನವೂ ಮಾರನೆಯ ದಿನದ ಬಾಯಿಗೆ ಬೀಗ ಹಾಕುತ್ತ ಹೋಯಿತು. ಅವನನ್ನು ತಿನ್ನುತ್ತಿದ್ದದ್ದು ಇನ್ನೊಂದು. ಹೋದದ್ದು ಮೀನೋ ತನ್ನ ಕಣ್ಣೋ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಕೆಲಸವಿಲ್ಲದಾಗ ಬಲೆ ಇಡುವ ಬಲೆಮನೆಯಲ್ಲಿ ಸಭೆ ಸೇರಿಸಿದ್ದು ಗೊಣಗಪ್ಪ. ಹೆಸರೇ ಹೇಳುವಂತೆ ಅವನಿಗೆ ಬಿಸಿಲಿದ್ದರೂ ತಕರಾರು, ಮೋಡವಿದ್ದರೂ ತಕರಾರು. ಆದರೆ ಆ ದಿನ ಅವನು ಗೊಣಗಲಿಲ್ಲ. ಮಡಚಿಟ್ಟ ಬಲೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದ.

"ಬಂದರಿನ ಹತ್ರ ಹೊಸ ಕೋಲ್ಡ್ ಸ್ಟೋರೇಜ್ ಶುರುವಾಗ್ತಿದೆ. ಪೆಟ್ಟಿಗೆ ಎತ್ತೋ ಕೆಲಸ. ನನ್ನನ್ನೂ ನನ್ನವಳನ್ನೂ ತಗೋತೀವಿ ಅಂದಿದ್ದಾರೆ, ಇರೋಕೆ ಅಲ್ಲೇ ಎರಡು ಕೋಣೆ. ಎರಡು ತಿಂಗಳೊಳಗೆ ಸೇರಬೇಕು. ಆಮೇಲೆ ಕೇಳಿದ್ರೆ ಸಿಗಲ್ಲ."

"ಹೋಗು. ಯಾರು ಬೇಡ ಅಂದ್ರು?" ಎಂದ ಒಬ್ಬ.

"ಹೋಗು ಅಂದ್ರೆ ಹೇಗೆ ಹೋಗ್ಲಿ? ನನ್ನ ತುಂಡು ಒಂಬತ್ತನೇದು, ಸರಿಯಾಗಿ ನಡುಮಧ್ಯ. ನಾನು ಬಿಚ್ಚಿಕೊಂಡು ಹೋಗಿ, ಮಾರನೇ ದಿನ ಹಿಂಡು ಬಂತು ಅಂದ್ಕೊಳ್ಳಿ. ಸಾಯೋವರೆಗೂ ನನ್ನ ಮುಖಕ್ಕೆ ಉಗೀತೀರ. ನಿಮ್ಮ ಜಾಗದಲ್ಲಿದ್ರೆ ನಾನೂ ಉಗೀತಿದ್ದೆ. ಬಿಚ್ಚೋದಾದ್ರೆ ಎಲ್ಲರೂ ಬಿಚ್ಚೋಣ. ನಿಮಗೂ ಒಂದೊಂದು ದಾರಿ ಆಗತ್ತೆ."

ಕೂತವರಲ್ಲಿ ಅರ್ಧ ಜನ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು. ದೋಣಿಯ ಯಜಮಾನ ಹದ್ದಣ್ಣನ ಸ್ವಂತ ಅಣ್ಣ. ಎಪ್ಪತ್ತರ ಹತ್ತಿರದ ಗಟ್ಟಿ ಮುದುಕ, ಕಿವಿ ಮಾತ್ರ ಮಂದ. ಅವನು ತಮ್ಮನ ಕಡೆ ತಿರುಗಿದ.

"ನೀನು ಹೇಳಪ್ಪ. ನೀನು ಇಲ್ಲ ಅಂದ್ರೆ ಇಲ್ಲ. ಇವತ್ತೇ ಬಿಚ್ಚೋಣ."

ಹದಿನೆಂಟು ಮನೆಯವರು ಅವನ ಬಾಯಿಯನ್ನೇ ನೋಡಿದರು. ಹದ್ದಣ್ಣನಿಗೆ ಆ ಮುಖಗಳು ಒಂದು ಸಾಲು ಮಸುಕಾದ ಉಂಡೆಗಳಾಗಿ ಕಂಡವು. ಇಲ್ಲ ಎಂದರೆ, ಕಾಣದ ಕಣ್ಣಿನಿಂದ ಒಂದು ಊರಿನ ಬಲೆ ಬಿಚ್ಚಿಸಿದಂತಾಯಿತು. ಇದೆ ಎಂದರೆ ಗೊಣಗಪ್ಪನ ಕೊರಳಿಗೆ ಹಗ್ಗ. ಅವನು "ಇನ್ನೂ ಸ್ವಲ್ಪ ದಿನ ನೋಡೋಣ ಅಣ್ಣಾ" ಎಂದ. ಗೊಣಗಪ್ಪ ಬಲೆಯ ಮೇಲಿನ ಕೈ ತೆಗೆದು ಎದ್ದು ಹೋದ.

ಮನೆಗೆ ಬಂದರೆ ಹೆಂಡತಿ ಟೀ ಸೋಸಿ ಲೋಟವನ್ನು ಮುಂದಿಟ್ಟಳು. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ನೋಡುತ್ತ ನಿಂತಳು. ಹದ್ದಣ್ಣ ಕೈ ಚಾಚಿ, ಲೋಟಕ್ಕೆ ನಾಲ್ಕು ಬೆರಳು ಆಚೆ ಗಾಳಿ ಹಿಡಿದ.

"ಎರಡು ವರ್ಷದಿಂದ ನೋಡ್ತಿದೀನಿ. ನೀವೇ ಹೇಳ್ತೀರೇನೋ ಅಂತ ಕಾದೆ" ಎಂದಳು ಅವಳು.

"ಏನ್ ಹೇಳೋದು?"

"ನನ್ನ ಹತ್ರ ಬೇಡ ರೀ. ಮೊನ್ನೆ ಬಾಗಿಲಲ್ಲಿ ನನ್ನ ಸೀರೆ ಒಣಹಾಕಿದ್ರೆ, ಅದಕ್ಕೆ 'ಬನ್ನಿ ಒಳಗೆ' ಅಂತ ಮರ್ಯಾದೆ ಕೊಟ್ರಿ."

ಹದ್ದಣ್ಣನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಮೂರು ವರ್ಷ ಹೊತ್ತದ್ದನ್ನೆಲ್ಲ ಆ ಟೀ ಆರುವಷ್ಟರಲ್ಲಿ ಇಳಿಸಿಬಿಟ್ಟ. ಅವಳು ಬೈಯಲಿಲ್ಲ. ಸೆರಗಿನಿಂದ ಮೇಜು ಒರೆಸಿ, "ನಾಳೆ ಮೊದಲ ಬಸ್ಸಿಗೆ ಪೇಟೆಗೆ ಹೋಗೋಣ. ತಂಗಿ ಮನೆಗೆ ಅಂತ ಹೇಳೋಣ" ಎಂದಳು.

ಪೇಟೆಯ ಕಣ್ಣಾಸ್ಪತ್ರೆಯಲ್ಲಿ ಉದ್ದದ ಬೆಂಚು, ಬೆಂಚಿನ ತುಂಬ ತಲೆ ಹಿಂದಕ್ಕೆ ಚಾಚಿ ಕೂತ ಮುದುಕರು. ನರ್ಸು ಎಲ್ಲರ ಕಣ್ಣಿಗೂ ಸಾಲಾಗಿ ಹನಿ ಬಿಡುತ್ತ ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಚುರುಕು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಪೂರ್ತಿ ಬಲಿತಿದೆ, ಈಗ ಅದನ್ನು ತೆಗೆಯೋಣ, ಎಡದ್ದು ಎರಡು ತಿಂಗಳು ಬಿಟ್ಟು ಮಾಡೋಣ ಎಂದಳು.

"ಏನು ಕೆಲಸ ನಿಮ್ಮದು?"

"ನೋಡೋದು" ಎಂದ ಹದ್ದಣ್ಣ.

"ಏನು ನೋಡೋದು?"

"ಸಮುದ್ರ."

ಅವಳು ಹೆಂಡತಿಯ ಮುಖ ನೋಡಿದಳು. ಹೆಂಡತಿ ಬಿಡಿಸಿ ಹೇಳಿದ ಮೇಲೆ ಡಾಕ್ಟರಮ್ಮ ತಲೆಯಾಡಿಸಿ, ಈ ಪೊರೆ ಇಟ್ಟುಕೊಂಡು ಎದುರಿಗಿರುವ ಹಡಗೂ ಕಾಣೋದಿಲ್ಲ, ಮೀನೆಲ್ಲಿಂದ ಕಾಣಬೇಕು ಎಂದಳು. ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕುಸಿಯುತ್ತಿದ್ದರು. ಹದ್ದಣ್ಣನ ಎದೆ ಹಗುರವಾಯಿತು. ಆಪರೇಷನ್ನಿನ ಮೇಜಿನ ಮೇಲೆ ಮಲಗಿ, ಮುಖದ ಮೇಲೆ ಬಟ್ಟೆ ಎಳೆದುಕೊಂಡು, ಅವನು ಬೇಡಿಕೊಂಡದ್ದು ಒಂದೇ. ತಪ್ಪು ನನ್ನದೇ ಆಗಿರಲಿ. ಮೀನು ದಿನಾ ಬಂದಿರಲಿ, ಕಾಣದೇ ಹೋದವನು ನಾನೇ ಆಗಿರಲಿ. ಜನ ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಒಟ್ಟಿನಲ್ಲಿ ಸಮುದ್ರದ್ದು ಏನೂ ತಪ್ಪಿಲ್ಲ ಅಂತಾಗಲಿ. ಮೂರು ವರ್ಷ ಯಾವ ಮಾತಿಗೆ ಹೆದರಿ ಬಾಯಿಮುಚ್ಚಿಕೊಂಡಿದ್ದನೋ ಈಗ ಅದೇ ಮಾತು ನಿಜವಾಗಲಿ ಎಂದು ಅವನು ಒದ್ದಾಡಿದ.

ಹಸಿರು ಪಟ್ಟಿ, ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದರೆ ತಂಗಿ ಮನೆಯ ಕಥೆ ಎಷ್ಟು ದೂರ ಓಡೀತು? ಮನೆ ಮುಟ್ಟುವುದರೊಳಗೆ ಸುದ್ದಿ ಬಲೆಮನೆ ಮುಟ್ಟಿತ್ತು. ಸಂಜೆಗೆ ಎಲ್ಲರೂ ಬಂದು ಅಂಗಳದಲ್ಲಿ ನಿಂತರು. ಹೆಂಡತಿ ಬಾಗಿಲಿಗೆ ಅಡ್ಡ ನಿಂತುಕೊಂಡಳು. ಹದ್ದಣ್ಣ ಅವಳನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಮೂರು ವರ್ಷದಿಂದ ನನಗೆ ಏನೂ ಕಾಣುತ್ತಿರಲಿಲ್ಲ, ಏನು ಮಾಡುತ್ತೀರೋ ಮಾಡಿ ಎಂದು ಕೈಮುಗಿದು ನಿಂತ.

ಯಾರೋ ಬೈಗುಳಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಗೊಣಗಪ್ಪ ನಕ್ಕ. ಅವನು ನಕ್ಕದ್ದನ್ನು ಆ ಊರಿನವರು ಕಂಡಿರಲಿಲ್ಲ, ಹಾಗಾಗಿ ಎಲ್ಲರೂ ಅವನ ಕಡೆ ತಿರುಗಿದರು.

"ಅಂದ್ರೆ ಮೀನು ಇತ್ತು" ಎಂದ ಗೊಣಗಪ್ಪ. "ಇಷ್ಟು ದಿನವೂ ಇತ್ತು. ಇವನಿಗೆ ಕಾಣ್ಲಿಲ್ಲ, ಅಷ್ಟೇ."

ಆ ಮಾತು ಅಂಗಳದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತು. ಬೈಯಬೇಕೆಂದು ಬಂದವರ ಮುಖ ಬಿಚ್ಚಿಕೊಂಡಿತು. ಮೂರು ವರ್ಷ ಯಾತಕ್ಕೆ ಹೀಗಾಯಿತು ಎಂದು ತಲೆ ಚಚ್ಚಿಕೊಂಡವರಿಗೆ ಕಡೆಗೂ ಒಂದು ಕಾರಣ ಸಿಕ್ಕಿತ್ತು. ಅದೂ ಎಂಥ ಕಾರಣ, ಆಸ್ಪತ್ರೆಗೆ ಹೋದರೆ ವಾಸಿಯಾಗುವಂಥದ್ದು. ಅಣ್ಣ ಬಂದು ತಮ್ಮನ ತಲೆಗೆ ಒಂದು ಮೊಟಕಿದ. "ಕತ್ತೆ, ಮೊದಲೇ ಹೇಳೋಕೇನಾಗಿತ್ತು ನಿಂಗೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನದಿಂದ ಹದ್ದಣ್ಣನ ಮನೆಗೆ ಒಬ್ಬೊಬ್ಬರು ಒಂದೊಂದು ತರತೊಡಗಿದರು. ಮೊಟ್ಟೆ, ಹಾಲು, ತಲೆಗೆ ಇಟ್ಟುಕೊಳ್ಳಲು ಮೆತ್ತನೆಯ ದಿಂಬು. ಕಣ್ಣಿಗೆ ಹನಿ ಹಾಕುವ ಹೊತ್ತಿಗೆ ನಾಲ್ಕಾರು ಜನ ಬಂದು ಕೂತಿರುತ್ತಿದ್ದರು. ಬಲೆಮನೆಯಲ್ಲಿ ಹೆಂಗಸರು ಗಂಡಸರು ಸೇರಿ ಬಲೆ ಹರಡಿ, ಇಲಿ ಕಡಿದ ಕಡೆಗೆಲ್ಲ ಹೊಸ ನೂಲು ಹಾಕಿದರು.

ಮೂರು ವಾರ ಕಳೆದ ಮೇಲೆ ಪಟ್ಟಿ ತೆಗೆಸಿಕೊಂಡು ಹದ್ದಣ್ಣ ಗುಡ್ಡ ಹತ್ತಿದ. ಕೆಳಗೆ ಊರಿಗೆ ಊರೇ ನೆರೆದಿತ್ತು. ಅವನು ಮೊದಲು ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡ. ಆಮೇಲೆ ನೋಡಿದ.

ನೀಲಿ. ಇಷ್ಟೊಂದು ನೀಲಿ ಇದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಕೊಲ್ಲಿಯ ತಳದ ಕಲ್ಲು, ಕಲ್ಲಿನ ಮಗ್ಗುಲ ಮರಳು, ಮರಳಿನ ಮೇಲಿನ ಗೆರೆಗಳು ಎಲ್ಲ ಎಣಿಸುವಷ್ಟು ನಿಚ್ಚಳ. ಅವನು ಈ ದಂಡೆಯಿಂದ ಆ ದಂಡೆಗೆ, ಆ ದಂಡೆಯಿಂದ ಈ ದಂಡೆಗೆ ಕಣ್ಣಾಡಿಸಿದ. ಮಚ್ಚೆಯಿಲ್ಲ, ನಡುಕವಿಲ್ಲ, ಹಕ್ಕಿಯೂ ಇಲ್ಲ. ಆಮೇಲೆ ತಲೆಯೆತ್ತಿ ಬಾನಿನ ಅಂಚಿಗೆ ನೋಡಿದ. ಅವನಿಗೆ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಅಲ್ಲಿ ಆರೋ ಏಳೋ ಟ್ರಾಲರ್ ಇರುತ್ತಿದ್ದವು. ಈಗ ಎಣಿಸಿದ. ನಲವತ್ತಮೂರು. ದಡದವರಿಗೆ ಕಾಣದ ಆಚೆಯಲ್ಲಿ, ಒಂದರ ಪಕ್ಕ ಒಂದು, ಬೇಲಿ ಹಾಕಿದ ಹಾಗೆ ನಿಂತಿದ್ದವು. ಅದನ್ನು ದಾಟಿ ಒಂದು ಹಿಂಡು ಕೊಲ್ಲಿಗೆ ಬರಬೇಕೆಂದರೆ ದಾರಿ ಎಲ್ಲಿ? ಹದ್ದಣ್ಣ ಕಲ್ಲಿನ ಮೇಲೆ ಕೂತ. ತಪ್ಪು ತನ್ನದಾಗಿರಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ದುಃಖ ಆ ಜೀವಮಾನದಲ್ಲಿ ಬಂದಿರಲಿಲ್ಲ.

ಒಂದೇ ದಿನದಲ್ಲಿ ತೀರ್ಮಾನ ಮಾಡಬಾರದೆಂದು ಹನ್ನೆರಡು ದಿನ ಹತ್ತಿದ. ಹನ್ನೆರಡು ದಿನವೂ ಅದೇ ನೀಲಿ, ಅದೇ ಬೇಲಿ. ಕೆಳಗೆ ನೋಡಿದರೆ ಮೇಲೆ ನೋಡುತ್ತಿರುವ ಮುಖಗಳು. ಈಗ ಅವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಯಾರು ಬಾಯಿ ತೆರೆದಿದ್ದಾರೆ, ಯಾರು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಿದ್ದಾರೆ ಎಂಬುದು ಕೂಡ. ಹದಿಮೂರನೆಯ ದಿನ ಅವನು ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದು ಬಂದ. ಕಟ್ಟುಪಾಡಿನಂತೆ ಎಲ್ಲರ ಎದುರಿಗೆ ನಿಂತು ಹೇಳಿದ.

"ಇನ್ನು ಕೊಲ್ಲಿಗೆ ಮೀನು ಬರಲ್ಲ. ಬಲೆ ಬಿಚ್ಚಿ."

ಅಣ್ಣ ಕಿವಿಗೆ ಕೈಯಿಟ್ಟು, "ಏನಂದೆ?" ಎಂದ. ಹದ್ದಣ್ಣ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದ. ಟ್ರಾಲರ್‌ಗಳ ಲೆಕ್ಕ ಹೇಳಿದ. ತಳದ ಮರಳು ಕಾಣುತ್ತಿರುವುದನ್ನು ಹೇಳಿದ.

"ನಲವತ್ತಮೂರಾ?" ಎಂದು ಒಬ್ಬ ಬಾನಂಚಿಗೆ ನೋಡಿದ. "ನನಗೆ ಎರಡು ಕಾಣತ್ತೆ."

"ಹೊಸ ಕಣ್ಣಲ್ವಾ, ಒಂದು ಹತ್ತಾಗಿ ಕಾಣ್ತಿರಬೇಕು" ಎಂದ ಇನ್ನೊಬ್ಬ. ನಗು ಹರಡಿತು. ಕೆಟ್ಟ ನಗುವಲ್ಲ, ನಮ್ಮವನೆಂಬ ಪ್ರೀತಿಯ ನಗು. ಹದ್ದಣ್ಣನಿಗೆ ರೇಗಿತು. ಅಣ್ಣನ ಕೈ ಹಿಡಿದುಕೊಂಡು, "ಬಾ, ನೀನೇ ನೋಡು ಬಾ" ಎಂದು ಗುಡ್ಡದ ಕಡೆ ಎಳೆದ. ಕಾವಲಿನ ಹೊತ್ತಿನಲ್ಲಿ ಬೇರೆಯವರು ಗುಡ್ಡ ಹತ್ತಿದ್ದು ಅದೇ ಮೊದಲು. ಅದು ತನ್ನ ಜೀವನದಲ್ಲಿ ತಾನು ಮಾಡಿದ ಎರಡನೆಯ ದೊಡ್ಡ ತಪ್ಪು ಎಂದು ಹದ್ದಣ್ಣ ಆಮೇಲೆ ಹೆಂಡತಿಯ ಹತ್ತಿರ ಹೇಳಿಕೊಂಡ.

ಮುದುಕ ಏದುಸಿರು ಬಿಡುತ್ತ ನೆತ್ತಿ ಮುಟ್ಟಿದ. ಜೀವಮಾನವಿಡೀ ಅದೇ ಕೊಲ್ಲಿಯ ನೀರಿನ ಮೇಲೆ ಓಡಾಡಿದವನು ಅದನ್ನು ಮೇಲಿನಿಂದ ನೋಡಿರಲಿಲ್ಲ. ಬಾಯಿ ತೆರೆದು ನಿಂತ. ಅಷ್ಟರಲ್ಲಿ ಸೂರ್ಯನಿಗೆ ಒಂದು ಸಣ್ಣ ಮೋಡ ಅಡ್ಡ ಬಂತು. ಕೊಲ್ಲಿಯ ನಡುವೆ ಒಂದು ಕಪ್ಪು ಬಿದ್ದು, ಮೆಲ್ಲಗೆ ದಡದ ಕಡೆ ಸರಿಯತೊಡಗಿತು.

"ಅದೇನು ಮತ್ತೆ?" ಅಣ್ಣ ಪಿಸುಗುಟ್ಟಿದ.

"ಮೋಡದ ನೆರಳು ಅಣ್ಣಾ."

"ಹೋಗ್ತಾ ಇದೆಯಲ್ಲೋ."

"ಮೋಡ ಹೋಗ್ತಿದೆ, ನೆರಳೂ ಹೋಗ್ತಿದೆ. ಮೇಲೆ ನೋಡು."

ಅಣ್ಣ ಮೇಲೆ ನೋಡಲಿಲ್ಲ. ತಮ್ಮನ ಹೆಗಲಿನಿಂದ ಬಟ್ಟೆ ಕಿತ್ತುಕೊಂಡು ಎರಡೂ ಕೈಯಲ್ಲಿ ಹಿಡಿದು ಬೀಸತೊಡಗಿದ. ಬಲವೋ ಎಡವೋ ಅವನಿಗೆ ಗೊತ್ತಿಲ್ಲ, ಸುಮ್ಮನೆ ಬೀಸಿದ. ಕೆಳಗೆ ಒಂದೇ ಸಲಕ್ಕೆ ಕೂಗೆದ್ದಿತು. ಎರಡು ವರ್ಷ ಮರಳಿನ ಮೇಲೆ ಒಣಗಿದ ದೋಣಿ ನೀರಿಗೆ ಬಿತ್ತು. ಹೆಂಗಸರು ಬುಟ್ಟಿ ತರಲು ಓಡಿದರು. ಹದ್ದಣ್ಣ ಕೂಗಿದ, ಕೈ ಅಡ್ಡಡ್ಡ ಆಡಿಸಿದ. ಅಷ್ಟು ದೂರಕ್ಕೆ ಅದೂ ಬೀಸಿದ ಹಾಗೇ ಕಂಡಿರಬೇಕು. ನೆರಳು ದೋಣಿಯ ಮೇಲೆ ಹಾದು, ಮರಳು ಹತ್ತಿ, ಬಲೆಮನೆಯ ಮಾಡು ದಾಟಿ ಊರೊಳಗೆ ಹೋಯಿತು. ಅದನ್ನು ನೋಡಿದವನು ಅವನೊಬ್ಬನೇ.

ಅಣ್ಣನನ್ನು ಕರೆದುಕೊಂಡು ಅವನು ಇಳಿದು ಬರುವ ಹೊತ್ತಿಗೆ ಎಳೆಯುವುದು ಮುಗಿಯುತ್ತ ಬಂದಿತ್ತು. ಮೂವತ್ತಾರು ಜನ ಬೆವರು ಸುರಿಸಿ ಎಳೆದ ಬಲೆ ದಡಕ್ಕೆ ಬಂತು. ಒಳಗೆ ಒಂದಷ್ಟು ಲೋಳೆಮೀನು, ಪ್ಲಾಸ್ಟಿಕ್ ಬಾಟಲಿಗಳು, ಒಂದು ಒಡೆದ ಬಕೀಟು, ಬೆರಳುದ್ದದ ಮರಿಗಳು ಒಂದು ಹಿಡಿ. ಹೆಂಗಸರು ಖಾಲಿ ಬುಟ್ಟಿಗಳನ್ನು ಸೊಂಟಕ್ಕೆ ಒತ್ತಿಕೊಂಡು ನಿಂತರು. ಹದ್ದಣ್ಣ ಬಲೆಯನ್ನೇ ನೋಡಿದ. ಇನ್ನು ತಾನು ಹೇಳುವುದೇನೂ ಉಳಿದಿಲ್ಲ ಎಂದುಕೊಂಡ.

"ತಡವಾಯ್ತು" ಎಂದ ಅಣ್ಣ, ಮೊಣಕಾಲು ಹಿಡಿದುಕೊಂಡು. "ಕಣ್ಣಾರೆ ಕಂಡೆ ಕಣ್ರೋ. ಇಷ್ಟಗಲ ಇತ್ತು. ನಾನು ಬಟ್ಟೆ ಬೀಸೋ ರೀತಿ ಬೀಸಿದ್ರೆ ಸಿಗ್ತಿತ್ತು, ನನಗೆ ಬರಲ್ಲವಲ್ಲ."

"ಮರಿ ಇದೆ ನೋಡಿ" ಎಂದ ಗೊಣಗಪ್ಪ. ಅವನು ಬಲೆಯೊಳಕ್ಕೆ ಬಗ್ಗಿ ಆ ಒಂದು ಹಿಡಿಯನ್ನು ಅಂಗೈಯಲ್ಲಿ ಎತ್ತಿಕೊಂಡಿದ್ದ. "ಮರಿ ಇದೆ ಅಂದ್ರೆ ದೊಡ್ಡದೂ ಇರಬೇಕು ತಾನೆ."

"ಅಣ್ಣಾ, ಅದು ಮೋಡ" ಎಂದ ಹದ್ದಣ್ಣ.

"ಮೋಡ ಇರೋದು ನಿನ್ನ ಎಡಗಣ್ಣಲ್ಲಿ ಕಣೋ" ಎಂದ ಅಣ್ಣ. ಸಿಟ್ಟಿರಲಿಲ್ಲ ಅವನಿಗೆ. ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡ. ಒಂದೇ ಕಣ್ಣಲ್ಲಿ ಎಷ್ಟು ಅಂತ ಕಾಣತ್ತೆ ಯಾರಿಗಾದ್ರೂ? ಇನ್ನೊಂದನ್ನೂ ಮಾಡಿಸ್ಕೊಂಡು ಬಾ. ಅಲ್ಲೀವರೆಗೂ ಬಲೆ ಬಿಚ್ಚೋ ಮಾತು ಯಾರೂ ಎತ್ತಲ್ಲ. ಏನ್ರಪ್ಪ?"

ಎಲ್ಲರೂ ಹೂಂಗುಟ್ಟಿದರು. ಎಲ್ಲರಿಗಿಂತ ಮೊದಲು ಹೂಂ ಎಂದವನು ಗೊಣಗಪ್ಪ.

ಹದ್ದಣ್ಣ ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ನಿನ್ನ ಕೆಲಸ? ಕೊನೇ ದಿನ ಹತ್ರ ಬಂತಲ್ಲ. ನೀನು ಹೋಗೋ, ಮಾರಾಯ. ನನ್ನ ಮಾತು ಕೇಳು, ತುಂಡು ಬಿಚ್ಕೊಂಡು ಹೋಗು" ಎಂದ.

ಗೊಣಗಪ್ಪ ಮರಿಗಳನ್ನು ಜೋಪಾನವಾಗಿ ನೀರಿಗೆ ಬಿಟ್ಟು, ಕೈ ಒರೆಸಿಕೊಂಡ.

"ಬರಲ್ಲ ಅಂತ ಹೇಳಿ ಬಂದೆ. ಆಗ್ಲೇ. ನಿನ್ನ ಪಟ್ಟಿ ತೆಗೆದ ದಿನ."

ಹದ್ದಣ್ಣ ಸುತ್ತ ನೋಡಿದ. ಬಲಗಣ್ಣಿಗೆ ಪ್ರತಿಯೊಬ್ಬರ ಮುಖವೂ ಬೇರೆಬೇರೆಯಾಗಿ, ಸುಕ್ಕು ಸುಕ್ಕೂ ತಿಳಿಯುವಂತೆ ಕಾಣುತ್ತಿತ್ತು. ಒಬ್ಬರ ಮುಖದಲ್ಲೂ ಅನುಮಾನವೇ ಇರಲಿಲ್ಲ. ಅವರೆಲ್ಲ ಅವನ ಉತ್ತರಕ್ಕೆ ಕಾಯುತ್ತಿದ್ದರು.

"ಆಗಲಿ. ಮಾಡಿಸ್ತೀನಿ" ಎಂದ.